ಬಾಗಿಲು, ಕೈಮರ ಮತ್ತು ಒಂದು ಪುಟ್ಟ ಕಡತ

ಯೂನಿಕ್ಸ್ ಗಣಕಗಳಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನ ಕಡತಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಹಾಗೆ ಮರೆಯಲ್ಲಿದ್ದುಕೊಂಡೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದುಡಿಯುತ್ತಿರುವ ಒಂದು ಕಡತ ‘.ಎಚ್‌ಟಿಆಕ್ಸೆಸ್’. ಸ್ವಂತ ಜಾಲತಾಣ ಇಟ್ಟವರಿಗೆ ಇದು ಗೊತ್ತು. ಬಿಟ್ಟಿ ಬ್ಲಾಗುಗಳಲ್ಲಿ ಬರೆಯುವ ನಮ್ಮಂಥವರಿಗೆ ಇದು ಕೈಗೆ ಸಿಕ್ಕುವುದೇ ಇಲ್ಲ. ಆದರೂ ಇದರ ಚರಿತ್ರೆ ನಮಗೆ ಬೇಕು. ಯಾಕೆಂದರೆ ನಾವು ಬರೆದದ್ದು ಅದರ ವಿಳಾಸದಲ್ಲಿ ಉಳಿಯುತ್ತದೋ ಇಲ್ಲವೋ ಅನ್ನುವುದು ಇಂಥ ಕಡತ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ.

ಪುಟ ಕೊಡುವ ಮೊದಲು ವೆಬ್ ಸರ್ವರ್ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ಬಂದವರನ್ನು ಒಳಗೆ ಬಿಡಬಹುದೇ? ಬಿಡುವುದಾದರೆ, ಅವರು ಕೇಳಿದ ವಿಳಾಸ ನಿಜವಾಗಿ ಎಲ್ಲಿದೆ? ಮೊದಲನೆಯದು ಬಾಗಿಲ ಕೆಲಸ. ಎರಡನೆಯದು ಕೈಮರದ ಕೆಲಸ.

ಬಾಗಿಲು ಮೊದಲು ಬಂತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬಾತ ‘ಎಚ್‌ಟಿಟಿಪಿಡಿ’ ಅನ್ನುವ ಸರ್ವರ್ ತಂತ್ರಾಂಶ ಬರೆದ. ವಿಶ್ವವಿದ್ಯಾಲಯದ ಒಂದೇ ಗಣಕದಲ್ಲಿ ನೂರಾರು ಜನರ ಪುಟಗಳು ಇರುತ್ತಿದ್ದ ಕಾಲ ಅದು. ಯಾರಿಗೆ ಪ್ರವೇಶ, ಯಾರಿಗಿಲ್ಲ ಅಂತ ಎಲ್ಲರ ಪರವಾಗಿ ಒಬ್ಬ ನಿರ್ವಾಹಕನೇ ಬರೆಯುತ್ತಾ ಕೂರಲು ಸಾಧ್ಯವೇ? ಅದಕ್ಕೆ ಸಿಕ್ಕ ಪರಿಹಾರ ಸರಳವಾಗಿತ್ತು. ಪ್ರತಿಯೊಬ್ಬರೂ ತಮ್ಮ ಫೋಲ್ಡರಿನಲ್ಲಿ ಒಂದು .ಎಚ್‌ಟಿಆಕ್ಸೆಸ್ ಕಡತ ಇಟ್ಟುಕೊಳ್ಳಬಹುದು. ಅದರಲ್ಲಿ ಬರೆದ ನಿಯಮ ಆ ಫೋಲ್ಡರಿಗೂ ಅದರ ಕೆಳಗಿನವಕ್ಕೂ ಅನ್ವಯ. ಎಷ್ಟರಮಟ್ಟಿಗೆ ಬಿಟ್ಟುಕೊಡಬೇಕು ಅನ್ನುವುದನ್ನು ಮಾತ್ರ ನಿರ್ವಾಹಕ ತೀರ್ಮಾನಿಸುತ್ತಿದ್ದ. ಮನೆ ಯಜಮಾನರದ್ದಾದರೂ ಬಾಡಿಗೆಯವರ ಕೋಣೆಗೆ ಅವರದ್ದೇ ಚಿಲಕ ಇದ್ದ ಹಾಗೆ!

ಮೆಕೂಲ್ 1994ರ ಮಧ್ಯದಲ್ಲಿ ಎನ್‌ಸಿಎಸ್‌ಎ ಬಿಟ್ಟ ಮೇಲೆ ಆ ತಂತ್ರಾಂಶ ನಿಂತ ನೀರಾಯಿತು. ಅದನ್ನು ಬಳಸುತ್ತಿದ್ದವರು ತಂತಮ್ಮ ತೇಪೆಗಳನ್ನು ಇಮೇಲಿನಲ್ಲಿ ಹಂಚಿಕೊಳ್ಳತೊಡಗಿದರು. 1995ರ ಆರಂಭದಲ್ಲಿ ಅವರೇ ಸೇರಿ ಕಟ್ಟಿದ ಗುಂಪು ಅಪಾಚೆ. ಆ ವರ್ಷದ ಡಿಸೆಂಬರಿನಲ್ಲಿ ಅಪಾಚೆ 1.0 ಬಂತು, ಮರುವರ್ಷದ ಹೊತ್ತಿಗೆ ಅಂತರ್ಜಾಲದಲ್ಲಿ ಅತಿ ಹೆಚ್ಚು ಬಳಕೆಯ ಸರ್ವರ್ ಅದೇ ಆಗಿತ್ತು. ಎನ್‌ಸಿಎಸ್‌ಎಯ ಬಾಗಿಲ ಪದ್ಧತಿ ಇದರೊಳಗೂ ಬಂತು. ‘ಆರ್ಡರ್ ಡಿನೈ, ಅಲೌ’ ಅಂದರೆ ಮೊದಲು ನಿರಾಕರಣೆಯ ಸಾಲುಗಳನ್ನು ನೋಡು, ಆಮೇಲೆ ಅನುಮತಿಯವನ್ನು. ಎರಡೂ ಹೊಂದಿದರೆ ಕೊನೆಯದೇ ಗಟ್ಟಿ. ಈ ಸಾಲಿನ ಹಿಂದುಮುಂದು ಮಾಡಿ ತಲೆ ಕೆಡಿಸಿಕೊಂಡವರಿಗೆ ಲೆಕ್ಕವಿಲ್ಲ. 2012ರಲ್ಲಿ ಬಂದ ಅಪಾಚೆ 2.4ರಲ್ಲಿ ಇದರ ಬದಲು ‘ರಿಕ್ವೈರ್’ ಅನ್ನುವ ನೇರ ಪದ್ಧತಿ ಬಂತು.

ಇನ್ನು ಕೈಮರದ ವಿಷಯ. 1996ರ ಏಪ್ರಿಲಿನಲ್ಲಿ ರಾಲ್ಫ್ ಎಂಗೆಲ್‌ಶಾಲ್ ಎಂಬ ಜರ್ಮನ್ ತಂತ್ರಜ್ಞ ‘ಮಾಡ್ ರೀರೈಟ್’ ಅನ್ನುವ ಭಾಗ ಬರೆದ. 1997ರ ಜುಲೈನಲ್ಲಿ ಅದನ್ನು ಅಪಾಚೆ ಗುಂಪಿಗೆ ಉಡುಗೊರೆಯಾಗಿ ಕೊಟ್ಟ. ಓದುಗ ಕೇಳುವ ವಿಳಾಸವನ್ನು ಒಂದು ಮಾದರಿಗೆ ಹೋಲಿಸಿ, ಹೊಂದಿದರೆ ಬೇರೆ ವಿಳಾಸಕ್ಕೆ ತಿರುಗಿಸುವುದು ಇದರ ಕೆಲಸ. ತಿರುಗಿಸುವುದರಲ್ಲಿ ಎರಡು ಬಗೆ. ಒಂದು, ಓದುಗನಿಗೆ ಗೊತ್ತಾಗದಂತೆ ಒಳಗೊಳಗೇ ಬೇರೆ ಕಡತ ತಂದುಕೊಡುವುದು. ಇನ್ನೊಂದು, ಬ್ರೌಸರಿಗೆ “ಅವರು ಮನೆ ಬದಲಿಸಿದ್ದಾರೆ, ಅಲ್ಲಿಗೆ ಹೋಗು” ಅಂತ ಹೇಳಿ ಕಳಿಸುವುದು. ಈ ಎರಡನೆಯದರಲ್ಲಿ 301 ಅಂದರೆ ಶಾಶ್ವತ, 302 ಅಂದರೆ ತಾತ್ಕಾಲಿಕ. ವರ್ಡ್‌ಪ್ರೆಸ್ ತಾಣಗಳಲ್ಲಿ ಬರಹದ ಅಂಕಿಯ ಬದಲು ವರ್ಷ, ತಿಂಗಳು, ಶೀರ್ಷಿಕೆ ಇರುವ ಚಂದದ ವಿಳಾಸ ಸಾಧ್ಯವಾಗಿದ್ದು ಇಂಥ ನಿಯಮಗಳಿಂದಲೇ.

ಚಂದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಳ್ಳೆಯ ವಿಳಾಸಗಳು ಬದಲಾಗಬಾರದು ಅಂತ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ತಾಣವನ್ನು ಎಷ್ಟು ಸಲ ಕೆಡವಿ ಕಟ್ಟಿದರೂ ಹಳೆಯ ವಿಳಾಸದಲ್ಲಿ ಒಂದು ಕೈಮರ ನೆಟ್ಟಿದ್ದರೆ ಕೊಂಡಿ ಸಾಯುವುದಿಲ್ಲ. ಆದರೆ ಕೈಮರ ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ಕಾಯಬೇಕು.

ಬಾಗಿಲೂ ಕೈಮರವೂ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಅಂತ ಭಾರತದ ಬ್ಲಾಗಿಗರು ಎರಡು ಸಲ ನೋಡಿದ್ದಾರೆ.

ಮೊದಲನೆಯದು 2006ರ ಜುಲೈ. ಮುಂಬೈ ರೈಲು ಸ್ಫೋಟಗಳಾದ ಕೆಲವೇ ದಿನಗಳಲ್ಲಿ ಕೆಲವು ನಿರ್ದಿಷ್ಟ ತಾಣ, ಪುಟಗಳನ್ನು ತಡೆಯುವಂತೆ ದೂರಸಂಪರ್ಕ ಇಲಾಖೆಯಿಂದ ಅಂತರ್ಜಾಲ ಕಂಪನಿಗಳಿಗೆ ಆದೇಶ ಹೋಯಿತು. ಹಲವು ಕಂಪನಿಗಳು ಆ ಪುಟಗಳ ಬದಲು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿಬಿಟ್ಟವು. ಒಂದು ಫೋಲ್ಡರಿಗೆ ಮಾತ್ರ ಬೀಗ ಹಾಕುವ ವಿದ್ಯೆ 1993ರಿಂದಲೇ ಇತ್ತು, ಆದರೆ ಅದು ಇದ್ದದ್ದು ಸರ್ವರಿನ ಒಳಗೆ. ಹೊರಗೆ ನಿಂತವರು ಊರ ಹೆಬ್ಬಾಗಿಲನ್ನೇ ಹಾಕಿದರು. ಕೆಲವು ದಿನಗಳ ನಂತರ ತೆರೆಯಿತು, ಸರಿ. ಆ ದಿನಗಳಲ್ಲಿ ತಪ್ಪೇ ಮಾಡದ ಸಾವಿರಾರು ಬ್ಲಾಗುಗಳೂ ಹೊರಗುಳಿದವು.

ಎರಡನೆಯದು ಸದ್ದಿಲ್ಲದೆ ಆಯಿತು. 2012ರಿಂದ ಗೂಗಲ್, ಭಾರತದಲ್ಲಿ ಕೂತು ‘ಬ್ಲಾಗ್‌ಸ್ಪಾಟ್.ಕಾಮ್’ ತೆರೆದವರನ್ನು ‘ಬ್ಲಾಗ್‌ಸ್ಪಾಟ್.ಇನ್’ ಕಡೆಗೆ ತಿರುಗಿಸತೊಡಗಿತು. ಒಂದು ದೇಶದ ಕಾನೂನಿನಂತೆ ಒಂದು ಬರಹ ತೆಗೆಯಬೇಕಾದರೆ ಆ ದೇಶದಲ್ಲಿ ಮಾತ್ರ ತೆಗೆಯಬಹುದು ಅನ್ನುವುದು ಅದು ಕೊಟ್ಟ ಕಾರಣ. ಬಾಗಿಲಿಗಾಗಿ ನೆಟ್ಟ ಕೈಮರ ಅನ್ನಿ! ಓದುಗರು ವಿಳಾಸಪಟ್ಟಿಯಲ್ಲಿ ಕಂಡದ್ದನ್ನೇ ನಕಲು ಮಾಡಿ ಹಂಚಿದ್ದರಿಂದ ‘.ಇನ್’ ಕೊಂಡಿಗಳು ಎಲ್ಲೆಡೆ ಹರಡಿದವು. 2018ರಲ್ಲಿ ಈ ಪದ್ಧತಿ ನಿಂತಿತು. 2020ರಲ್ಲಿ ಆ ‘.ಇನ್’ ಹೆಸರೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಬರಹಗಳು ‘.ಕಾಮ್’ನಲ್ಲಿ ಸುರಕ್ಷಿತವಾಗಿದ್ದವು, ಅಲ್ಲಿಗೆ ಕರೆದೊಯ್ಯುವ ದಾರಿ ಹೋಯಿತು.

ಕನ್ನಡದವರಿಗೆ ಇದು ಒಂದು ಕೈ ಹೆಚ್ಚೇ ತಟ್ಟುತ್ತದೆ. ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಅದನ್ನು ಬಿಟ್ಟು ‘ಬ್ಲಾಗ್-ಪೋಸ್ಟ್_15’ ಅಂತ ವಿಳಾಸ ಕೊಡುತ್ತಿದ್ದುದು ನಿಮಗೆಲ್ಲ ನೆನಪಿರಬೇಕು. ಶೀರ್ಷಿಕೆಯನ್ನು ಉಳಿಸಿಕೊಳ್ಳುವ ತಾಣಗಳಲ್ಲಿ ಇನ್ನೊಂದು ಪಾಡು. ‘ಕನ್ನಡ’ ಅನ್ನುವ ಪದದಲ್ಲಿ ಐದು ಯೂನಿಕೋಡ್ ಸಂಕೇತಗಳಿವೆ. ಒಂದೊಂದಕ್ಕೂ ಮೂರು ಬೈಟ್, ವಿಳಾಸದಲ್ಲಿ ಒಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರ. ಒಟ್ಟು ನಲವತ್ತೈದು! ಇಂಥ ವಿಳಾಸ ಮುರಿದರೆ ಅದನ್ನು ನೋಡಿ ಯಾವ ಬರಹ ಅಂತ ಊಹಿಸುವುದು ಯಾರಿಂದಲೂ ಆಗದ ಮಾತು.

ಹಾಗಾಗಿ ಬ್ಲಾಗಿಗ ಮಿತ್ರರಲ್ಲಿ ಮೂರು ವಿನಂತಿ. ನಿಮ್ಮ ಹಳೆಯ ಪುಟಗಳಲ್ಲಿ ‘ಬ್ಲಾಗ್‌ಸ್ಪಾಟ್.ಇನ್’ ಕೊಂಡಿಗಳಿದ್ದರೆ ಕೊನೆಯ ‘.ಇನ್’ ತೆಗೆದು ‘.ಕಾಮ್’ ಮಾಡಿ, ಆ ಬ್ಲಾಗು ಇನ್ನೂ ಇದ್ದರೆ ತೆರೆದುಕೊಳ್ಳುತ್ತದೆ. ಬರಹಗಳ ಒಂದು ಪ್ರತಿ ನಿಮ್ಮ ಗಣಕದಲ್ಲೂ ಇರಲಿ. ತಾಣ ಬದಲಿಸುವಾಗ ಹಳೆಯ ಬ್ಲಾಗನ್ನು ಅಳಿಸದೆ, ಅಲ್ಲೊಂದು ಸಾಲು ಹೊಸ ವಿಳಾಸ ಬರೆದಿಡಿ. .ಎಚ್‌ಟಿಆಕ್ಸೆಸ್ ನಮ್ಮ ಕೈಗೆ ಸಿಗದಿದ್ದರೂ ಅಷ್ಟು ಕೈಮರ ನಾವೇ ನೆಡಬಹುದು.