ಹನ್ನೊಂದು ಮಂದಿಯ ಆಟಕ್ಕೆ ನೂರೈದು ಆಟಗಾರರು ಯಾಕೆ? ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಮೂರು ತಪ್ಪು ಕಲ್ಪನೆಗಳು

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಮೈದಾನದಲ್ಲಿ ಒಂದು ತಂಡದವರು ಹನ್ನೊಂದೇ ಮಂದಿ. ಆದರೆ ಗೆರೆಯ ಆಚೆ ಹೆಲ್ಮೆಟ್ ಹಿಡಿದು ನಿಂತವರ ದಂಡೇ ಇರುತ್ತದೆ. ಇದನ್ನು ನೋಡಿದವರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ಒಂದು, ‘ಹೊರಗೆ ನಿಂತವರು ಆಟಕ್ಕುಂಟು ಲೆಕ್ಕಕ್ಕಿಲ್ಲ’. ಎರಡು, ‘ಫೈವ್ ಸ್ಟಾರ್ ಹುಡುಗರನ್ನು ಗುಡ್ಡೆ ಹಾಕಿದರೆ ಕಪ್ ಗ್ಯಾರಂಟಿ’. ಮೂರು, ‘ಒಮ್ಮೆ ಸ್ಕಾಲರ್‌ಶಿಪ್ ಸಿಕ್ಕರೆ ಹುಡುಗನ ಬದುಕೇ ಸೆಟ್ಲ್’. ಈ ಮೂರರಲ್ಲಿ ಎಷ್ಟು ನಿಜವಿದೆ ಎಂದು ಒಂದೊಂದಾಗಿ ನೋಡೋಣ.

ಇದು ಯಾವ ಫುಟ್‌ಬಾಲ್?

ಇದು ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ಕ್ರಿಕೆಟ್‌ನಲ್ಲಿ ಬ್ಯಾಟ್ ಮಾಡಿದ ಹನ್ನೊಂದು ಮಂದಿಯೇ ಫೀಲ್ಡಿಂಗಿಗೂ ಇಳಿಯುತ್ತಾರೆ. ಇಲ್ಲಿ ಹಾಗಲ್ಲ. ದಾಳಿಗೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆ ಹನ್ನೊಂದು ಮಂದಿ. ಚೆಂಡು ಒಂದು ತಂಡದಿಂದ ಇನ್ನೊಂದಕ್ಕೆ ಹೋದ ಕೂಡಲೇ ಇಡೀ ಗುಂಪೇ ಬದಲಾಗುತ್ತದೆ. ಚೆಂಡನ್ನು ಒದೆಯುವುದಕ್ಕೆಂದೇ ಮತ್ತೆ ಬೇರೆ ಆಟಗಾರರಿರುತ್ತಾರೆ.

ಅಂದರೆ ಮುಖ್ಯ ಆಟಗಾರರೇ 22 ಮಂದಿ. ಪ್ರತಿ ಜಾಗಕ್ಕೂ ಎರಡನೆಯವ, ಮೂರನೆಯವ ಬೇಕು. ಈ ಸಾಲುಗಳನ್ನು ಬರೆದಿಟ್ಟ ಪಟ್ಟಿಗೆ ‘ಡೆಪ್ತ್ ಚಾರ್ಟ್’ ಎನ್ನುತ್ತಾರೆ. ಜೊತೆಗೆ, ವಾರವಿಡೀ ನಡೆಯುವ ಅಭ್ಯಾಸದಲ್ಲಿ ಮುಂದಿನ ಎದುರಾಳಿಯಂತೆ ಆಡಿ ತೋರಿಸಲು ಇನ್ನೊಂದು ಗುಂಪು ಬೇಕು. ಆ ದಂಡು ಹುಟ್ಟುವುದು ಹೀಗೆ.

ತಪ್ಪು ಕಲ್ಪನೆ 1: ಬೆಂಚಿನಲ್ಲಿ ಕೂತವರು ಲೆಕ್ಕಕ್ಕಿಲ್ಲ

2014ರ ಒಹಾಯೊ ಸ್ಟೇಟ್ ತಂಡದ ಕಥೆ ಕೇಳಿ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿಯನ್ನು ನಡೆಸುವವನು, ತಂಡದ ಮಿದುಳು. ಒಹಾಯೊ ಸ್ಟೇಟ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಋತು ಶುರುವಾಗುವ ಮೊದಲೇ ಅಭ್ಯಾಸದಲ್ಲಿ ಭುಜಕ್ಕೆ ಗಾಯ ಮಾಡಿಕೊಂಡರು. ಎರಡನೆಯವರಾದ ಜೆ.ಟಿ. ಬ್ಯಾರೆಟ್ ತಂಡವನ್ನು ನವೆಂಬರ್‌ವರೆಗೂ ಗೆಲ್ಲಿಸಿಕೊಂಡು ಬಂದರು. ಮಿಷಿಗನ್ ವಿರುದ್ಧದ ಪಂದ್ಯದಲ್ಲಿ ಅವರ ಪಾದದ ಗಂಟು ಮುರಿಯಿತು. ಉಳಿದವರು ಮೂರನೆಯವರಾದ ಕಾರ್ಡೇಲ್ ಜೋನ್ಸ್. ಕಾಲೇಜು ಮಟ್ಟದಲ್ಲಿ ಅವರು ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಮೊದಲ ಆಯ್ಕೆಯಾಗಿ ಆಡಿರಲಿಲ್ಲ. ಬಿಗ್ ಟೆನ್ ಫೈನಲ್‌ನಲ್ಲಿ ವಿಸ್ಕಾನ್ಸಿನ್ ವಿರುದ್ಧ 59-0, ನಂತರ ಅಲಬಾಮಾ ವಿರುದ್ಧ 42-35, 2015ರ ಜನವರಿ 12ರಂದು ಆರೆಗಾನ್ ವಿರುದ್ಧ 42-20. ಮೂರು ಪಂದ್ಯ ಗೆದ್ದು ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು.

ಬಾಯಾರಿದಾಗ ಬಾವಿ ತೋಡಿದರೆ ಆಗುವುದಿಲ್ಲ ಎಂಬುದು ಅಲ್ಲಿನ ಕೋಚ್‌ಗಳಿಗೆ ಚೆನ್ನಾಗಿ ಗೊತ್ತು. ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳೋ ಅದಕ್ಕೂ ಹೆಚ್ಚೋ ಬೇಕು. ಅಂದರೆ ಆ ಋತು ಮುಗಿದಂತೆಯೇ. ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆಗಿದೆ ಎಂದು ಗೊತ್ತಾದರೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಆಟಗಾರ ಆ ದಿನ ಮತ್ತೆ ಮೈದಾನಕ್ಕೆ ಇಳಿಯುವಂತಿಲ್ಲ.

ಆರೋಗ್ಯದ ಪ್ರಶ್ನೆ ಇರುವುದು ಇಲ್ಲೇ. ಎರಡನೆಯವ ತಯಾರಿದ್ದರೆ ಗಾಯಗೊಂಡವನು ಧೈರ್ಯವಾಗಿ ಹೊರಗೆ ಕೂರಬಹುದು. ಇಲ್ಲದಿದ್ದರೆ ‘ನೋವಿಲ್ಲ, ಆಡ್ತೀನಿ’ ಎನ್ನುವ ಒತ್ತಡ ಹುಡುಗನ ಮೇಲೇ ಬೀಳುತ್ತದೆ. ಹೀಗಾಗಿ ಎರಡನೇ ಸಾಲು ಗೆಲುವಿಗಷ್ಟೇ ಅಲ್ಲ, ಮೊದಲ ಸಾಲಿನವರ ಮೈಗೂ ರಕ್ಷಣೆ.

ತಪ್ಪು ಕಲ್ಪನೆ 2: ಫೈವ್ ಸ್ಟಾರ್ ಇದ್ದರೆ ಸಾಕು

ಈ ಸ್ಟಾರ್‌ಗಳನ್ನು ಕೊಡುವುದು ಕಾಲೇಜುಗಳೂ ಅಲ್ಲ, ಎನ್‌ಸಿಎಎ ಕೂಡ ಅಲ್ಲ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್‌ನಂಥ ಖಾಸಗಿ ಸಂಸ್ಥೆಗಳು ಹೈಸ್ಕೂಲ್ ಆಟಗಾರರ ವಿಡಿಯೊ, ಎತ್ತರ, ತೂಕ, ವೇಗ ನೋಡಿ ಹಾಕುವ ಅಂದಾಜು ಅದು. ಅಂದಾಜು ಪೂರ್ತಿ ಸುಳ್ಳೇನಲ್ಲ. ಹೆಚ್ಚು ಸ್ಟಾರ್ ಪಡೆದವರು ಮುಂದೆ ಬರುವ ಸಾಧ್ಯತೆ ಹೆಚ್ಚು. ಆದರೆ ಸಾಧ್ಯತೆ ಬೇರೆ, ಗ್ಯಾರಂಟಿ ಬೇರೆ.

ಬೇಕರ್ ಮೇಫೀಲ್ಡ್ ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದವರು. ಇಂಥವರನ್ನು ಅಲ್ಲಿ ‘ವಾಕ್-ಆನ್’ ಎನ್ನುತ್ತಾರೆ. 2017ರಲ್ಲಿ ಕಾಲೇಜು ಆಟದ ಅತಿ ದೊಡ್ಡ ವೈಯಕ್ತಿಕ ಗೌರವವಾದ ಹೈಸ್‌ಮನ್ ಪ್ರಶಸ್ತಿ ಅವರಿಗೆ ಬಂತು. ವಾಕ್-ಆನ್ ಆಗಿಯೇ ಜಾರ್ಜಿಯಾ ತಂಡಕ್ಕೆ ಬಂದ ಸ್ಟೆಟ್ಸನ್ ಬೆನೆಟ್ 2021 ಮತ್ತು 2022ರ ಋತುಗಳಲ್ಲಿ ತಂಡಕ್ಕೆ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು.

ಒಳ್ಳೆಯವರನ್ನು ಕರೆತಂದರೂ ಅವರನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. 2018ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಅಲಬಾಮಾ ತಂಡ ಅರ್ಧ ಆಟಕ್ಕೆ ಜಾರ್ಜಿಯಾ ಎದುರು 0-13ರಿಂದ ಹಿಂದಿತ್ತು. ಕೋಚ್ ನಿಕ್ ಸೇಬನ್ ಮೊದಲ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅವರನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾ ಅವರನ್ನು ಇಳಿಸಿದರು. ಅಲಬಾಮಾ 26-23ರಿಂದ ಗೆದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಜಾರ್ಜಿಯಾ ಎದುರಾಳಿ. ಈ ಸಲ ಗಾಯಗೊಂಡವರು ಟುವಾ. ಬೆಂಚಿನಿಂದ ಎದ್ದು ಬಂದ ಹರ್ಟ್ಸ್ ತಂಡವನ್ನು 35-28ರಿಂದ ಗೆಲ್ಲಿಸಿದರು. ಆದರೆ ಮರುವರ್ಷ ಅವರು ಒಕ್ಲಹೋಮಾ ಸೇರಿದರು. ಬೆಂಚಿನಲ್ಲಿ ಕೂತ ಇದೇ ಹರ್ಟ್ಸ್ 2025ರ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ.

ಈಗ ತಂಡ ಬಿಡುವುದು ಇನ್ನೂ ಸುಲಭ. 2018ರ ಅಕ್ಟೋಬರ್‌ನಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ಶುರುವಾಯಿತು. ಬೇರೆ ಕಾಲೇಜಿಗೆ ಹೋಗಬಯಸುವವರ ಹೆಸರು ಅದರಲ್ಲಿ ಸೇರುತ್ತದೆ. ಮೊದಲು ಹೀಗೆ ಹೋದವರು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಮೊದಲ ವರ್ಗಾವಣೆಗೆ ಆ ಅಡ್ಡಿ ಹೋಯಿತು. ಅಲ್ಲಿಂದ ಕೋಚ್‌ಗಳ ಕೆಲಸ ಎರಡಾಯಿತು: ಹೊಸಬರನ್ನು ಕರೆತರುವುದು, ಅವಕಾಶಕ್ಕಾಗಿ ಕಾಯುತ್ತಿರುವ ಎರಡನೇ ಸಾಲಿನವರು ಬಿಟ್ಟು ಹೋಗದಂತೆ ನೋಡಿಕೊಳ್ಳುವುದು. ಇದಕ್ಕೆ ನೆರವಾಗುವ ನಿಯಮವೂ ಒಂದಿದೆ. 2018ರಿಂದ ಹುಡುಗನೊಬ್ಬ ನಾಲ್ಕು ಪಂದ್ಯಗಳವರೆಗೆ ಆಡಿದರೂ ಅವನ ಒಂದು ಋತು ಖರ್ಚಾದಂತೆ ಲೆಕ್ಕವಿಲ್ಲ. ಹೊಸಬರಿಗೆ ಆಟದ ರುಚಿ ಹತ್ತಿಸಲು ಕೋಚ್‌ಗಳು ಇದನ್ನು ಬಳಸುತ್ತಾರೆ.

ತಪ್ಪು ಕಲ್ಪನೆ 3: ಜಾಗ ಸಿಕ್ಕರೆ ಬದುಕು ಸೆಟ್ಲ್

ಮೊದಲು ಲೆಕ್ಕ ನೋಡೋಣ. ಎನ್‌ಸಿಎಎ ಕೊಡುವ ಅಂದಾಜಿನಂತೆ ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು ಹತ್ತು ಲಕ್ಷ. ಅವರಲ್ಲಿ ಎನ್‌ಸಿಎಎ ತಂಡಗಳಿಗೆ ಬರುವವರು ನೂರಕ್ಕೆ ಸುಮಾರು ಏಳು ಮಂದಿ. ಹಾಗೆ ಬಂದವರಲ್ಲಿ ವೃತ್ತಿಪರ ಆಟಕ್ಕೆ ಹೋಗುವವರು ನೂರಕ್ಕೆ ಇಬ್ಬರೂ ಇಲ್ಲ.

ಜಾಗಗಳ ಸಂಖ್ಯೆಯೂ ನಿಯಮ ಬದಲಾದಂತೆ ಬದಲಾಗುತ್ತದೆ. ಒಂದು ಕಾಲದಲ್ಲಿ ದೊಡ್ಡ ಕಾಲೇಜುಗಳು ಎಷ್ಟು ಬೇಕಾದರೂ ಸ್ಕಾಲರ್‌ಶಿಪ್ ಕೊಡಬಹುದಿತ್ತು. 1973ರಲ್ಲಿ 105ರ ಮಿತಿ ಬಂತು, 1978ರಲ್ಲಿ ಅದು 95 ಆಯಿತು, 1994ರಲ್ಲಿ 85ಕ್ಕೆ ಇಳಿಯಿತು. ಪ್ರತಿಭೆ ಒಂದೇ ಕಡೆ ಗುಡ್ಡೆಯಾಗದೆ ಬೇರೆ ಕಾಲೇಜುಗಳಿಗೂ ಹಂಚಿಹೋಗಲು ಇದು ನೆರವಾಯಿತು. 85ರ ಆಚೆ ಬೇಕಾದವರನ್ನು ವಾಕ್-ಆನ್‌ಗಳಾಗಿ ಸೇರಿಸಿಕೊಳ್ಳುತ್ತಿದ್ದರು.

2025ರ ಜೂನ್‌ನಲ್ಲಿ ನ್ಯಾಯಾಲಯವೊಂದು ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದರಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಇದು ಒಬ್ಬ ಆಟಗಾರನಿಗಲ್ಲ, ಫುಟ್‌ಬಾಲ್ ತಂಡಕ್ಕೆ ಮಾತ್ರವೂ ಅಲ್ಲ, ಎಲ್ಲ ಕ್ರೀಡೆಗಳಿಗೂ ಸೇರಿ. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಈ ಮಾತೇ.

ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್‌ನ 85ರ ಮಿತಿ ಹೋಯಿತು. ಬದಲಿಗೆ ಫುಟ್‌ಬಾಲ್ ತಂಡದಲ್ಲಿ ಒಟ್ಟು 105 ಮಂದಿಗಿಂತ ಹೆಚ್ಚು ಇರುವಂತಿಲ್ಲ ಎಂದಾಯಿತು. ಅನೇಕ ದೊಡ್ಡ ತಂಡಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿ ಇದ್ದರು. ಸ್ಕಾಲರ್‌ಶಿಪ್ ಪಡೆಯುವವರಿಗೆ ದಾರಿ ಅಗಲವಾಯಿತು, ವಾಕ್-ಆನ್‌ಗಳಿಗೆ ಕಿರಿದಾಯಿತು. ಮಿತಿ ಬರುತ್ತದೆಂದು ಮೊದಲೇ ಕೈಬಿಟ್ಟ ಹುಡುಗರನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಸೇರಿಸಿಕೊಳ್ಳಬಹುದು ಎಂಬ ಅಂಶ ಸೇರಿದ ಮೇಲೆಯೇ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಂದವನ್ನು ಒಪ್ಪಿದ್ದು. ಮೇಫೀಲ್ಡ್, ಬೆನೆಟ್ ಬಂದದ್ದು ಇದೇ ಬಾಗಿಲಿನಿಂದ ಎಂಬುದನ್ನು ನೆನಪಿಡಿ.

ಅಮೆರಿಕದಲ್ಲಿರುವ ಕನ್ನಡಿಗರು ಏನು ಗಮನಿಸಬೇಕು?

ಮಗನಿಗೆ ಕಾಲೇಜೊಂದು ‘ಜಾಗ ಇದೆ’ ಎಂದರೆ ಖುಷಿಪಡಿ, ಆದರೆ ಬಾಯಿಮಾತಿನ ಒಪ್ಪಿಗೆ ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ. ಸ್ಕಾಲರ್‌ಶಿಪ್ ಎಷ್ಟು ವರ್ಷಕ್ಕೆ, ಗಾಯವಾದರೆ ಏನಾಗುತ್ತದೆ, ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಕೇಳಿ. ಅವನು ಆಡುವ ಜಾಗದಲ್ಲಿ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಅವರು ಯಾವ ವರ್ಷದಲ್ಲಿ ಓದುತ್ತಿದ್ದಾರೆ ಎಂದೂ ಕೇಳಿ. ಎಚ್-4 ಅಥವಾ ಎಫ್-1 ವೀಸಾದಲ್ಲಿರುವ ಮಕ್ಕಳಿಗೆ ದುಡಿಮೆಯ ಮೇಲೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಆದ್ದರಿಂದ ಹಣದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಲಸೆ ಕಾನೂನು ತಿಳಿದ ವಕೀಲರನ್ನು ಕೇಳಲೇಬೇಕು. ಹಣ ಕೊಟ್ಟರೆ ಸ್ಕಾಲರ್‌ಶಿಪ್ ಖಚಿತ ಎನ್ನುವವರನ್ನು ನಂಬಬೇಡಿ. ಅದನ್ನು ಕೊಡುವುದು ಕಾಲೇಜು, ಮಧ್ಯವರ್ತಿಯಲ್ಲ.

ಒಟ್ಟಿನಲ್ಲಿ ಹೇಳುವುದಾದರೆ

ಬೆಂಚಿನಲ್ಲಿ ಕೂತವರು ದಂಡಪಿಂಡಗಳಲ್ಲ. ಅವರಿಲ್ಲದೆ ತಂಡ ಒಂದು ಋತುವನ್ನೂ ದಾಟಲಾರದು. ಆದರೆ ತಂಡಕ್ಕೆ ಅವರು ಎಷ್ಟು ಬೇಕೋ ಅಷ್ಟು ಭದ್ರತೆ ಅವರಿಗೆ ತಂಡದಿಂದ ಸಿಗುವುದಿಲ್ಲ. ಮುಂದಿನ ಸಲ ‘ಕಾಲೇಜು ಆಟಗಾರನಿಗೆ ಕೋಟಿ ಕೋಟಿ’ ಎಂಬ ಫಾರ್ವರ್ಡ್ ಬಂದಾಗ, ಅದು ಯಾವ ಸಾಲಿನಲ್ಲಿ ನಿಂತವನ ಕಥೆ ಎಂದು ಒಮ್ಮೆ ಕೇಳಿ. ಆಮೇಲೆ ಹಂಚಿಕೊಳ್ಳಿ.