ಆಗಸಕ್ಕೆ ಎರಡು ಬಾಗಿಲು

ನಮ್ಮ ದೇಶದ ವಾಯುಪಡೆಗೂ ನಾಗರಿಕ ವಿಮಾನಯಾನಕ್ಕೂ ಹುಟ್ಟಿನಲ್ಲಿ ಒಂದೇ ವಾರದ ಅಂತರ ಎಂದರೆ ನಂಬುತ್ತೀರಾ? 1932ರ ಅಕ್ಟೋಬರ್ 8ರಂದು ವಾಯುಪಡೆ ಸ್ಥಾಪನೆಯಾಯಿತು. 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ನಮ್ಮ ಜುಹುಗೆ ಅಂಚೆ ತಂದಿಳಿಸಿದರು. ಮುಂದೆ ಅದು ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋಯಿತು. ಬಳ್ಳಾರಿ! ಅಮ್ಮನ ತವರೂರಿನ ಹೆಸರು ಅಲ್ಲಿ ಕಂಡು ನನಗೆ ಖುಷಿಯೋ ಖುಷಿ.

ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಈ ಎರಡೂ ಒಂದೇ ಥರ ನಡೆದುಕೊಳ್ಳಲಿಲ್ಲ.

1936ರಲ್ಲಿ ಲಾಹೋರಿನಲ್ಲಿ, 21 ವರ್ಷದ ಸರಳಾ ಠುಕ್ರಾಲ್ ಸೀರೆ ಉಟ್ಟೇ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದರು. ಮನೆಯಲ್ಲಿ ನಾಲ್ಕು ವರ್ಷದ ಮಗಳು. ಪತಿಯೂ ಪೈಲಟ್, 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೂ ಸರಳಾ ವಾಣಿಜ್ಯ ಲೈಸೆನ್ಸ್ ಪಡೆಯಲು ಜೋಧಪುರಕ್ಕೆ ಹೋದರು. ಮಹಾಯುದ್ಧ ಶುರುವಾಗಿ ತರಬೇತಿಯೇ ನಿಂತಿತು. ಲಾಹೋರಿಗೆ ಮರಳಿ ಚಿತ್ರಕಲೆ ಕಲಿತರು.

ಅವರಿಗೆ ತಪ್ಪಿದ್ದು ಪ್ರೇಮ್ ಮಾಥುರ್ ಅವರಿಗೆ ದಕ್ಕಿತು. 1947ರಲ್ಲಿ ಲೈಸೆನ್ಸ್ ಕೈಯಲ್ಲಿದ್ದರೂ ಹೆಂಗಸು ಎಂದು ಹಲವು ಕಂಪನಿಗಳು ಕೆಲಸ ಕೊಡಲಿಲ್ಲ. ಕೊನೆಗೆ ಕರೆದದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ನಮ್ಮ ಕಡೆಯವರೂ ಹಿಂದೆ ಬೀಳಲಿಲ್ಲ: ಬೆಂಗಳೂರಿನ ಜಕ್ಕೂರು ಶಾಲೆಯಲ್ಲಿ 1949ರಲ್ಲಿ ತೇರ್ಗಡೆಯಾದ ಉಷಾ ಸುಂದರಂ, ಮದ್ರಾಸ್ ಸರ್ಕಾರ ಕೊಂಡ ಡವ್ ವಿಮಾನವನ್ನು ಪತಿಯೊಂದಿಗೆ ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಇಂದು ನಮ್ಮ ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಜಗತ್ತಿನ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು.

ವಾಯುಪಡೆಯ ಬಾಗಿಲು ಮಾತ್ರ ತೊಂಬತ್ತರ ದಶಕದವರೆಗೂ ಮುಚ್ಚಿಯೇ ಇತ್ತು. 1994ರಲ್ಲಿ ಹರಿತಾ ಕೌರ್ ದೇವಲ್ ಅವರು ಆವ್ರೋ ವಿಮಾನವನ್ನು ಒಬ್ಬರೇ ಹಾರಿಸಿದರು. 1999ರಲ್ಲಿ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಕಾರ್ಗಿಲ್ ಯುದ್ಧದ ನಡುವೆ ಚೀತಾ ಹೆಲಿಕಾಪ್ಟರ್ ನಡೆಸಿದರು. ಆದರೂ ಯುದ್ಧವಿಮಾನ ಕೊಡಲು ಹಿಂಜರಿಕೆ. ಶತ್ರುವಿನ ಕೈಗೆ ಸಿಕ್ಕರೆ? ಬಸಿರು, ಬಾಣಂತನ ಎಂದು ಹಾರಾಟ ನಿಂತರೆ ತರಬೇತಿಯ ಖರ್ಚು? ಈ ಎರಡನೆಯ ಪ್ರಶ್ನೆ ಐಟಿಯಲ್ಲಿರುವ ನಮಗೇನೂ ಹೊಸದಲ್ಲ. ಹೆರಿಗೆ ರಜೆ ಮುಗಿಸಿ ಬಂದಾಗ ನನ್ನ ಪ್ರಾಜೆಕ್ಟ್ ಬೇರೆಯವರ ಕೈ ಸೇರಿತ್ತು; ಯಾರೂ ಬಾಯಿಬಿಟ್ಟು ಕಾರಣ ಹೇಳಲಿಲ್ಲ, ಅಷ್ಟೆ.

2016ರ ಜೂನ್ 18ರಂದು ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧವಿಮಾನ ವಿಭಾಗಕ್ಕೆ ಸೇರಿದರು. ಮುಂದಿನ ತರಬೇತಿ ನಮ್ಮ ಬೀದರಿನಲ್ಲಿ, ಹಾಕ್ ವಿಮಾನಗಳಲ್ಲಿ. 2018ರ ಫೆಬ್ರವರಿಯಲ್ಲಿ ಅವನಿ ಮಿಗ್-21ರಲ್ಲಿ ಒಬ್ಬರೇ ಮೇಲೇರಿದರು.

ಸರಳಾ ಠುಕ್ರಾಲ್ ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು.