‘ತೆಳು’: ಗಡಿನಾಡಿನ ಒಂದು ಪದದ ಚರಿತ್ರೆ

ಅರಸರ ಚರಿತ್ರೆಯನ್ನು ಶಾಸನಗಳಲ್ಲಿ ಓದಬಹುದು. ಜನಸಾಮಾನ್ಯರ ಚರಿತ್ರೆಯನ್ನು ಅವರ ಅಡುಗೆಮನೆಯ ಮಾತಿನಲ್ಲಿ ಕೇಳಬೇಕು. ಶಿರೂರ ಅನಂತಪಾಳದ ನಮ್ಮ ಮನೆಯಲ್ಲಿ ಹಬ್ಬ ಬಂತೆಂದರೆ ಅವ್ವ ಹೇಳುತ್ತಿದ್ದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಹೋಳಿಗಿ ತೆಳ್ಳಗ ಲಟ್ಟಸವಾ, ಒಳಗಿನ ಹೂರಣ ಕಾಣಬೇಕು.” ಈ ‘ತೆಳು’ ಎಂಬ ಪುಟ್ಟ ಪದದಲ್ಲಿ ನಮ್ಮ ಗಡಿಯ ಚರಿತ್ರೆಯೂ ಅಡಗಿದೆ.

‘ತೆಳ್’ ಎಂಬುದು ದ್ರಾವಿಡ ಮೂಲದ ಮಾತು. ಹಳಗನ್ನಡದಲ್ಲಿ ‘ತೆಳ್ಪು’, ಇಂದು ‘ತೆಳುವು’, ‘ತೆಳ್ಳನೆ’. ಕನ್ನಡದ ಇನ್ನೊಂದು ಗಡಿಯಾದ ಕಾಸರಗೋಡಿನಲ್ಲಿ ಹವ್ಯಕರು ಅಕ್ಕಿಯ ತೆಳುದೋಸೆಯನ್ನು ‘ತೆಳ್ಳವು’ ಎನ್ನುತ್ತಾರೆ. ಇದರ ಪಕ್ಕದಲ್ಲೇ ನಿಲ್ಲುವ ಪದ ‘ತಿಳಿ’. ಕೆಸರು ತಳಕ್ಕಿಳಿದು ನೀರಿನ ತಳ ಕಂಡರೆ ಅದು ತಿಳಿ. ಮರೆ ಸರಿದು ಅರ್ಥ ಕಂಡರೆ ಅದೂ ತಿಳಿ. ತಮಿಳಿನ ‘ತೆಳಿ’, ತೆಲುಗಿನ ‘ತೆಲಿಯು’ ಇದರ ಒಡಹುಟ್ಟುಗಳು. ಹೀಗಾಗಿ ಕನ್ನಡಿಗರ ಹಬ್ಬದೂಟದಲ್ಲಿ ಹೋಳಿಗೆ ತೆಳುವಾದದ್ದು, ಸಾರು ತಿಳಿಯಾದದ್ದು.

ನೆರೆಯ ಮರಾಠಿಯಲ್ಲಿ ಈ ಎರಡಕ್ಕೂ ‘ಪಾತಳ’ ಎಂಬ ಒಂದೇ ಪದ. ಹಿಂದಿಯ ‘ಪತಲಾ’ದಂತೆ ಇದೂ ಸಂಸ್ಕೃತದ ‘ಪತ್ರ’ದಿಂದ ಬಂದದ್ದು, ಎಲೆಯಂತೆ ತೆಳ್ಳಗಿರುವುದು ಎಂದು ಭಾವ. ಮರಾಠಿಯಲ್ಲಿ ಸೀರೆಗೂ ‘ಪಾತಳ’ ಎನ್ನುವರು. ನಮ್ಮ ಹಿರಿಯ ಹೆಣ್ಣುಮಕ್ಕಳು ಸೀರೆಗೆ ‘ಪತ್ತಲ’ ಎನ್ನುವರು. ಕೇಳುವ ಕಿವಿಗೆ ಇವೆರಡೂ ಎಷ್ಟು ಹತ್ತಿರ! ನೂಲು, ಹಿಟ್ಟು ನಯವಾಗಿದ್ದರೆ ಮಾತ್ರ ‘ಬಾರೀಕ’. ಅದು ಪಾರಸಿಯಿಂದ ಉರ್ದುವಿನ ಮೂಲಕ ಬಂದ ಪದ.

ಒಂದೇ ಗುಣಕ್ಕೆ ಮೂರು ಭಾಷೆಯ ಪದಗಳು ಒಂದೇ ಮನೆಯಲ್ಲಿ ಸೇರಿದ್ದು ಹೇಗೆ? ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಅದು ‘ತೆಳು’ವಿನ ಕಾಲ. ಮುಂದೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಮನೆಗಳು ಇದ್ದಲ್ಲೇ ಇದ್ದವು, ಜಿಲ್ಲೆ ಮಾತ್ರ ಬದಲಾಯಿತು.

ಮರಾಠಿ ನಮಗೆ ವಿದ್ಯೆ ಕೊಟ್ಟ, ಅನ್ನ ಕೊಟ್ಟ ಭಾಷೆ. ಅದರಿಂದ ಪದ ಪಡೆದುದು ನಷ್ಟವಲ್ಲ. ಇದ್ದುದನ್ನು ಮರೆಯುವುದೇ ನಷ್ಟ. ಕಳೆದ ಯುಗಾದಿಯಂದು ಅಡುಗೆಮನೆಯಿಂದ “ಸಾರು ತಿಳಿ ಆಗೇದ” ಎಂಬ ಮಾತು ಕೇಳಿ, ಮರಾಠಿ ಶಾಲೆಗೆ ಹೋಗುವ ನನ್ನ ಮೊಮ್ಮಗಳು, “ಅಜ್ಜಾ, ಸಾರಿಗಿ ಏನ ತಿಳೀತು?” ಎಂದು ಕೇಳಿದಳು. ಎಲ್ಲರೂ ನಕ್ಕೆವು. ಆದರೆ ‘ಪಾತಳ’ವೊಂದೇ ಅವಳ ಬಾಯಲ್ಲಿ ಉಳಿದಿದೆಯೆಂಬುದು ಆಗ ನನ್ನ ಅರಿವಿಗೆ ಬಂತು. ಒಂದು ಲೋಟದಲ್ಲಿ ಮಣ್ಣು ಕಲಕಿದ ನೀರನ್ನಿಟ್ಟು, “ಸ್ವಲ್ಪ ಹೊತ್ತು ಸುಮ್ಮನೆ ನೋಡು” ಎಂದೆ. ಮಣ್ಣು ತಳಕ್ಕಿಳಿಯಿತು. “ಅಜ್ಜಾ, ತಿಳೀತು!” ಎಂದಳು. ನೀರೂ ತಿಳಿದಿತ್ತು, ಅವಳಿಗೂ ತಿಳಿದಿತ್ತು.

ಗಡಿನಾಡಿನ ನಮ್ಮ ಕನ್ನಡ ಇಂದು ತೆಳುವಾಗಿದೆ, ನಿಜ. ಹರಿದು ಹೋಗದಂತೆ ನೋಡಿಕೊಳ್ಳುವ ಹೊಣೆ ಸಂಘಕ್ಕಿಂತ ಮೊದಲು ನಮ್ಮ ಅಡುಗೆಮನೆಗಳದು. ಮುಂದಿನ ಹಬ್ಬಕ್ಕೆ ಹೋಳಿಗೆಯನ್ನು ‘ತೆಳು’ ಎನ್ನೋಣ, ಸಾರನ್ನು ‘ತಿಳಿ’ ಎನ್ನೋಣ, ಮಕ್ಕಳು ಕೇಳುತ್ತಿರುತ್ತಾರೆ.